ರೊಟ್ಟಿಯ ಮಗ್ಗುಲ ಹಸಿ ತಪ್ಪಲು

ಕಲಬುರಗಿ ಜಿಲ್ಲೆಯ ಪೂರ್ವಕ್ಕಿರುವ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲಿ ಮತ್ತು ರೈಲುಹಾದಿಯ ಮೇಲಿನ ಶಹಾಬಾದ, ವಾಡಿ ಪಟ್ಟಣಗಳಲ್ಲಿ ‘ಪಲ್ಯ’ ಎಂಬ ಶಬ್ದ ಅಡುಗೆಮನೆಯಿಂದ ಹೊಲದವರೆಗೆ ಹರಡಿಕೊಂಡಿದೆ. ಮೈಸೂರು ಸೀಮೆಯಲ್ಲಿ ಒಗ್ಗರಣೆ ಕೊಟ್ಟು ಬೇಯಿಸಿದ ವ್ಯಂಜನಕ್ಕಷ್ಟೇ ಪಲ್ಯವೆಂದರೆ, ಇಲ್ಲಿ ಮಣ್ಣಿನಲ್ಲಿ ಬೇರೂರಿ ನಿಂತ ಸೊಪ್ಪಿನ ಗಿಡವೂ ಪಲ್ಯ, ಸಂತೆಯಲ್ಲಿ ಕಟ್ಟು ಕಟ್ಟಿ ಮಾರುವ ಎಲೆಯೂ ಪಲ್ಯ, ಗಂಗಾಳದಲ್ಲಿ ಜೋಳದ ರೊಟ್ಟಿಯ ಮಗ್ಗುಲಿಗೆ ಹಸಿಯಾಗಿಯೇ ಬಂದು ಕೂರುವುದೂ ಪಲ್ಯವೇ. ಮೆಂತೆಪಲ್ಯ, ಕುಸುಬಿಪಲ್ಯ, ಕಡ್ಲಿಪಲ್ಯ, ಪುಂಡಿಪಲ್ಯ, ಹಕ್ಕರಕಿಪಲ್ಯ ಎಂದು ಎಣಿಸುವಾಗ ಜನರು ಗಿಡವನ್ನೂ ತಿನಿಸನ್ನೂ ಬೇರೆಮಾಡಿ ನೋಡುವುದಿಲ್ಲ. ಇದೇ ಸೊಪ್ಪಿನ ಎಲೆಭಾಗವನ್ನು ಬಿಡಿಸಿ ಹೇಳಬೇಕಾದಾಗ ‘ತಪ್ಪಲು’ ಎನ್ನುತ್ತಾರೆ. ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ತಪ್ಪಲು ಎಂಬ ಮಾತುಗಳು ಗಡ್ಡೆಯಷ್ಟೇ ಎಲೆಗೂ ಬೆಲೆಯಿರುವ ಊಟದಿಂದ ಹುಟ್ಟಿದವು.

ಹಲವು ಬಗೆಯ ಎಳೆಯ ಎಲೆಗಳನ್ನು ಬೀಜದಿಂದ ಮನೆಯಲ್ಲೇ ಬೆಳೆದು, ಬೆರೆಸಿ, ಬೇಯಿಸದೆ ತಿನ್ನುವ ರೂಢಿ ಈಗ ನಗರಗಳ ಮಾಳಿಗೆಗಳ ಮೇಲೆ ‘ಸಲಾಡ್’ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂದಿದೆ. ಲ್ಯಾಟಿನ್ ಭಾಷೆಯಲ್ಲಿ ಉಪ್ಪಿಗೆ ‘ಸಾಲ್’ ಎನ್ನುವುದರಿಂದ, ಉಪ್ಪು ಹಚ್ಚಿದ ಎಲೆ ಸಲಾಡ್ ಆಯಿತು. ಫ್ರಾನ್ಸಿನ ದಕ್ಷಿಣದ ಪ್ರೊವಾನ್ಸ್ ಪ್ರಾಂತದಲ್ಲಿ ಒಂದೇ ಮಡಿಯಲ್ಲಿ ಬೆಳೆದ ಎಳೆಯ ಎಲೆಗಳ ಬೆರಕೆಯನ್ನು ‘ಮೆಸ್ಕ್ಲುನ್’ ಎಂದು ಕರೆಯುತ್ತಾರೆ, ಆ ಮಾತಿನ ಮೂಲಾರ್ಥವೂ ಬೆರಕೆಯೇ. ಇಂಗ್ಲೆಂಡಿನ ಜಾನ್ ಎವೆಲಿನ್ 1699ರಲ್ಲಿ ‘ಅಸಿಟೇರಿಯಾ’ ಎಂಬ ಇಡೀ ಪುಸ್ತಕವನ್ನೇ ಹಸಿ ಎಲೆಗಳ ಊಟಕ್ಕೆ ಮೀಸಲಿಟ್ಟು, ಯಾವ ಎಲೆಗೆ ಯಾವುದು ಜೊತೆ, ಎಣ್ಣೆ ಎಷ್ಟು, ಹುಳಿ ಎಷ್ಟು, ಉಪ್ಪು ಎಷ್ಟು ಎಂಬುದನ್ನು ಸಂಗೀತದ ಸ್ವರಗಳನ್ನು ಹೊಂದಿಸುವವನ ಜತನದಿಂದ ವಿವರಿಸಿದನು. ಅಂಥ ಪುಸ್ತಕದ ಭಾಗ್ಯ ಸೇಡಂ–ಚಿಂಚೋಳಿ ಸೀಮೆಯ ತಪ್ಪಲಿಗೆ ಸಿಗಲಿಲ್ಲ. ಆದರೆ ಎಣ್ಣೆ, ಉಪ್ಪು, ಹುಳಿ, ಕಹಿಗಳ ಅದೇ ಲೆಕ್ಕಾಚಾರ ಇಲ್ಲಿಯ ಹೆಣ್ಣುಮಕ್ಕಳ ಕೈಯಲ್ಲಿ ತಲೆಮಾರುಗಳಿಂದ ನಡೆದುಬಂದಿದೆ, ಮತ್ತು ಅದಕ್ಕೆ ಬೇಕಾದ ಬೀಜವನ್ನು ಕಾಯ್ದುಕೊಂಡು ಬಂದವರೂ ಅವರೇ.

ಈ ಸೀಮೆಯ ನೆಲದ ರಚನೆಯನ್ನು ಅರಿಯದೆ ಇಲ್ಲಿಯ ಎಲೆಬೆಳೆಯನ್ನು ಅರಿಯಲಾಗದು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಕೆಳಗೆ ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳು ಹಾಸಿಕೊಂಡಿದ್ದರೆ, ಚಿಂಚೋಳಿಯ ಕಡೆಗೆ ಕಪ್ಪು ಬಸಾಲ್ಟ್ ಶಿಲೆಯೂ ಅದರ ಮೇಲೆ ಗುಡ್ಡಗಳ ನೆತ್ತಿಗೆ ಕೆಂಪು ಜಂಬಿಟ್ಟಿಗೆಯೂ ಇವೆ. ಹೀಗಾಗಿ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಎರೆಮಣ್ಣು ಮತ್ತು ನೀರನ್ನು ಬೇಗ ಬಸಿಯುವ ಕೆಂಪುಮಣ್ಣು ಕೆಲವೆಡೆ ಒಂದೇ ಊರಿನ ಸೀಮೆಯಲ್ಲಿ ಸಿಗುತ್ತವೆ. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಚಿಂಚೋಳಿ ತಾಲೂಕು ಬೀದರದೊಂದಿಗೆ ಈಶಾನ್ಯ ಪರಿವರ್ತನಾ ವಲಯಕ್ಕೂ, ಸೇಡಂ ಮತ್ತು ಚಿತ್ತಾಪುರಗಳು ಈಶಾನ್ಯ ಒಣ ವಲಯಕ್ಕೂ ಸೇರುತ್ತವೆ. ಚಿಂಚೋಳಿ ತಾಲೂಕಿನ ಹೋಬಳಿ ಕೇಂದ್ರವಾದ ಸುಲೇಪೇಟ, ತನ್ನ ಹೆಸರಿನಲ್ಲೇ ಪೇಟೆಯನ್ನು ಇಟ್ಟುಕೊಂಡಿರುವ ಊರು, ಈ ಎರಡು ವಲಯಗಳು ಒಂದನ್ನೊಂದು ತಾಗುವ ಸೀಮೆಯಲ್ಲಿದೆ. ಮುಂಗಾರಿನ ಬೆಳೆಯಾಗಿ ತೊಗರಿ, ಹೆಸರು, ಉದ್ದು, ಎಳ್ಳು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎರೆಹೊಲಕ್ಕೆ ಬೀಳುವ ಹಿಂಗಾರಿ ಬಿತ್ತನೆಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ, ಅಗಸೆ. ಹಸಿ ತಪ್ಪಲಿನ ನಿಜವಾದ ಸುಗ್ಗಿ ಈ ಎರಡನೆಯ ಬಿತ್ತನೆಯ ಬೆನ್ನಿಗೆ, ದೀಪಾವಳಿಯಿಂದ ಸಂಕ್ರಾಂತಿ ದಾಟುವವರೆಗಿನ ಚಳಿಗಾಲದಲ್ಲಿ ಬರುತ್ತದೆ.

ಎಲೆಯ ಚರಿತ್ರೆ ಬರೆಯುವವರಿಗೆ ಒಂದು ತೊಡಕುಂಟು. ಸುಟ್ಟು ಕರಿಕಾದ ಕಾಳು ಸಾವಿರಾರು ವರ್ಷ ಮಣ್ಣಿನಲ್ಲಿ ಉಳಿದು ಪುರಾತತ್ವಜ್ಞರ ಜರಡಿಗೆ ಸಿಗುತ್ತದೆ. ಎಲೆ ಎರಡು ದಿನದಲ್ಲಿ ಬಾಡಿ, ನಾಲ್ಕು ದಿನದಲ್ಲಿ ಕೊಳೆತು ಹೋಗುತ್ತದೆ. ಶಾಸನಗಳು ಗದ್ದೆ, ತೋಟ, ಗಾಣ, ಸುಂಕಗಳನ್ನು ಹೇಳುವಷ್ಟು ಅಕ್ಕರೆಯಿಂದ ಹಿತ್ತಲಿನ ಸೊಪ್ಪನ್ನು ಹೇಳುವುದಿಲ್ಲ, ಏಕೆಂದರೆ ಸುಂಕಕ್ಕೆ ಸಿಗದ ಬೆಳೆ ಶಾಸನಕ್ಕೂ ಸಿಗುವುದು ಕಷ್ಟ. ಆದ್ದರಿಂದ ಇಲ್ಲಿ ಆಧಾರವಾಗಿ ನಿಲ್ಲುವವು ಗಿಡಗಳ ಹೆಸರುಗಳು, ಹಬ್ಬದ ಅಡುಗೆಗಳು, ಬಿತ್ತನೆಯ ವಿಧಾನಗಳು ಮತ್ತು ಗ್ರಂಥಗಳಲ್ಲಿ ಅಲ್ಲಲ್ಲಿ ಸಿಗುವ ಸುಳಿವುಗಳು.

ಆ ಸುಳಿವುಗಳಲ್ಲಿ ಹಳೆಯದು ಸೇಡಂ ತಾಲೂಕಿನಲ್ಲೇ ಇದೆ. ಕಾಗಿಣಾ ನದಿಯ ದಂಡೆಯ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿದ್ದು, 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರೂಪುಗೊಂಡಿತು. ಅದೇ ದೊರೆಯ ಸಭೆಯಲ್ಲಿ ಉಗ್ರಾದಿತ್ಯನೆಂಬ ಜೈನ ವೈದ್ಯಪಂಡಿತನು ಮಾಂಸಾಹಾರದ ನಿರರ್ಥಕತೆಯನ್ನು ಪ್ರತಿಪಾದಿಸಿದನೆಂದು ಅವನ ಸಂಸ್ಕೃತ ವೈದ್ಯಗ್ರಂಥ ‘ಕಲ್ಯಾಣಕಾರಕ’ ಹೇಳುತ್ತದೆ. ಮಳಖೇಡದಲ್ಲಿ ಇಂದಿಗೂ ನೇಮಿನಾಥ ಬಸದಿಯಿದೆ. ಜೈನ ಆಹಾರನಿಯಮವು ನೆಲದೊಳಗೆ ಬೆಳೆಯುವ ಗಡ್ಡೆಗಳನ್ನು ದೂರವಿಡುವುದರ ಜೊತೆಗೆ, ಚಾತುರ್ಮಾಸದ ಮಳೆಗಾಲದಲ್ಲಿ ಸೊಪ್ಪನ್ನೂ ಬಿಡಬೇಕೆನ್ನುತ್ತದೆ, ಏಕೆಂದರೆ ಆ ಕಾಲದ ಎಲೆಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹೆಚ್ಚು. ಧರ್ಮದ ಈ ಕಟ್ಟಳೆಯೂ ಎರೆಹೊಲದ ಋತುಮಾನವೂ ಹೊಂದಿಕೊಂಡದ್ದನ್ನು ಗಮನಿಸಬೇಕು: ಕೆಸರು ಸಿಡಿದ, ಹುಳು ಹತ್ತಿದ ಮಳೆಗಾಲದ ಎಲೆ ಹಸಿಯಾಗಿ ತಿನ್ನಲು ಯೋಗ್ಯವಲ್ಲವೆಂಬುದನ್ನು ಜೈನರಲ್ಲದ ಒಕ್ಕಲಿನವರೂ ಅನುಭವದಿಂದ ಬಲ್ಲರು, ಮಳೆಗಾಲದ ಪುಂಡಿಪಲ್ಯ ಮತ್ತು ರಾಜಗಿರಿಗಳನ್ನು ಅವರು ಬೇಯಿಸಿಯೇ ಉಣ್ಣುತ್ತಾರೆ, ಹಸಿ ತಪ್ಪಲಿಗಾಗಿ ಮೋಡ ಚದುರಿ ಇಬ್ಬನಿ ಬೀಳುವವರೆಗೆ ಕಾಯುತ್ತಾರೆ.

ರಾಷ್ಟ್ರಕೂಟರ ನಂತರ ಬಂದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ‘ಲೋಕೋಪಕಾರ’ವನ್ನು ಬರೆದನು. ಮಳೆಯ ಲಕ್ಷಣ, ನೆಲದಡಿಯ ನೀರನ್ನು ಗುರುತಿಸುವ ಬಗೆ, ವೃಕ್ಷಾಯುರ್ವೇದವೆಂಬ ಗಿಡಮರಗಳ ಆರೈಕೆ, ಸೂಪಶಾಸ್ತ್ರವೆಂಬ ಅಡುಗೆವಿದ್ಯೆ, ಮದ್ದು, ಇವೆಲ್ಲ ಆ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿವೆ. ಇನ್ನೂ ನೂರು ವರ್ಷ ಕಳೆದ ಮೇಲೆ ಕಲ್ಯಾಣದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಸನ ಊಟಕ್ಕೆಂದೇ ಒಂದು ಪ್ರಕರಣ ಬರೆದನು. ಅರಮನೆಯ ಅಡುಗೆಶಾಸ್ತ್ರ ಒಲೆಯ ಸುತ್ತ ಬೆಳೆದದ್ದು. ಒಲೆಯ ಹಂಗಿಲ್ಲದ ಎಲೆ ಬಡವರ ಮನೆಯಲ್ಲಿ ಹೆಚ್ಚು ಬಳಕೆಯಾದದ್ದು ಸಹಜ, ಏಕೆಂದರೆ ಬಯಲುಸೀಮೆಯಲ್ಲಿ ಉರುವಲು ಎಂದೂ ಸುಲಭವಾಗಿ ಸಿಕ್ಕಿದ್ದಿಲ್ಲ, ಕುಳ್ಳು ಮತ್ತು ತೊಗರಿಕಟ್ಟಿಗೆಯ ಬೆಂಕಿ ರೊಟ್ಟಿ ಬೇಯಿಸುವುದಕ್ಕೆ ಮುಗಿದುಹೋಗುತ್ತದೆ.

1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾದಾಗ ಈ ಸೀಮೆಯ ಮಾತಿನಲ್ಲಿ ಹೊಸ ಪದರವೊಂದು ಸೇರಿತು. ಇರಾನಿನಿಂದ ಬಂದ ಅಧಿಕಾರಿಗಳು, ವರ್ತಕರು, ವಿದ್ವಾಂಸರು ಬಹಮನಿ ಆಸ್ಥಾನದಲ್ಲಿ ಪ್ರಬಲರಾಗಿದ್ದರು. ಇರಾನಿನಲ್ಲಿ ರೊಟ್ಟಿಯ ಜೊತೆಗೆ ತಟ್ಟೆಯ ತುಂಬ ಹಸಿ ಎಲೆಗಳನ್ನಿಟ್ಟು ತಿನ್ನುವ ‘ಸಬ್ಜಿ ಖೊರ್ದನ್’ ಎಂಬ ಪದ್ಧತಿ ಇಂದಿಗೂ ಇದೆ. ಜೋಳದ ರೊಟ್ಟಿ ಮತ್ತು ಹಸಿ ಮೆಂತೆಯ ಜೋಡಿ ಅದನ್ನು ನೆನಪಿಗೆ ತರುತ್ತದೆಯಾದರೂ, ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವ ಅಗತ್ಯವಿಲ್ಲ: ಹಿಟ್ಟಿನ ಒಣ ರೊಟ್ಟಿ ಮುಖ್ಯ ಆಹಾರವಾದಲ್ಲೆಲ್ಲ ಅದನ್ನು ಗಂಟಲಿನಿಂದ ಇಳಿಸಲು ರಸವುಳ್ಳದ್ದೊಂದು ಬೇಕಾಗುತ್ತದೆ. ಭಾಷೆಯ ಮೇಲಾದ ಪ್ರಭಾವ ಮಾತ್ರ ಸ್ಪಷ್ಟವಾಗಿದೆ. ದಖನಿ ಉರ್ದು ಮತ್ತು ಮರಾಠಿಗಳಲ್ಲಿ ಸೊಪ್ಪು–ತರಕಾರಿಗೆ ಭಾಜಿ ಎನ್ನುತ್ತಾರೆ. ಕನ್ನಡದ ಪುಂಡಿ ದಖನಿಯಲ್ಲಿ ಅಂಬಾಡಾ, ಗಡಿಯಾಚೆಯ ತೆಲುಗಿನಲ್ಲಿ ಗೋಂಗೂರ. ಗೋಣಿಸೊಪ್ಪು ದಖನಿಯಲ್ಲಿ ಕುಲ್ಫಾ. ಕನ್ನಡ, ತೆಲುಗು, ದಖನಿ, ಮರಾಠಿ ಮತ್ತು ತಾಂಡಾಗಳ ಲಂಬಾಣಿ ಮಾತುಗಳು ಸೇರುವ ಚಿಂಚೋಳಿಯಂಥ ಕಡೆ ಸೊಪ್ಪು ಮಾರುವ ಹೆಣ್ಣುಮಗಳಿಗೆ ಒಂದೇ ಗಿಡದ ಮೂರು ಹೆಸರಾದರೂ ಗೊತ್ತಿರಬೇಕಾಗುತ್ತದೆ.

ತಪ್ಪಲಿನ ಊಟ ಪ್ರಾಚೀನವಾದದ್ದೆಂದು ಕೊಂಡಾಡುವಾಗ ಒಂದು ಎಚ್ಚರಿಕೆ ಬೇಕು. ಇಂದು ಮೆಂತೆಯ ಎಲೆಗೆ ಉಳ್ಳಾಗಡ್ಡಿ ಹೆಚ್ಚಿಹಾಕಿ, ಸೇಂಗಾಹಿಂಡಿ ಉದುರಿಸಿ, ಹಸಿ ಎಣ್ಣೆ ಬಿಟ್ಟು ಕಲಸುವ ‘ಪಚಡಿ’ಯಲ್ಲಿ ಸೇಂಗಾ ಮತ್ತು ಮೆಣಸಿನಕಾಯಿಗಳೆರಡೂ ಅಮೆರಿಕ ಖಂಡದಿಂದ 16ನೆಯ ಶತಮಾನದಿಂದೀಚೆಗೆ ಬಂದವು, ಜೊತೆಗೆ ಸೇರುವ ಟೊಮೆಟೊ ಇನ್ನೂ ಈಚಿನದು. ಹಿಂಡಿ ಎಂದರೆ ಎಣ್ಣೆಕಾಳನ್ನು ಹುರಿದು ಕುಟ್ಟಿ ಮಾಡಿದ ಒಣ ಚಟ್ನಿಪುಡಿ. ಸೇಂಗಾ ಬರುವ ಮುನ್ನ ಆ ಸ್ಥಾನದಲ್ಲಿ ಗುರೆಳ್ಳು, ಅಗಸೆ, ಎಳ್ಳುಗಳಿದ್ದವು, ಇಂದಿಗೂ ಗುರೆಳ್ಳುಹಿಂಡಿಯ ಪಚಡಿಯ ರುಚಿಯನ್ನು ಸೇಂಗಾ ಮೀರಿಸಲಾರದು. ಎಣ್ಣೆ ಕುಸುಬಿಯದು. ಕುಸುಬಿಯ ಎಳೆಯ ಎಲೆಗೆ ಕುಸುಬಿಯದೇ ಎಣ್ಣೆಯನ್ನು ಬಿಟ್ಟುಕೊಂಡು ತಿನ್ನುವ ಈ ಊಟದಲ್ಲಿ ಒಂದು ಗಿಡ ತನ್ನ ಬಾಲ್ಯವನ್ನೂ ಮುಪ್ಪನ್ನೂ ಒಂದೇ ಗಂಗಾಳಕ್ಕೆ ಕೊಡುತ್ತದೆ.

ನಿಜಾಮರ ಆಡಳಿತದಲ್ಲಿ, ವಿಶೇಷವಾಗಿ ದಿವಾನ ಸಾಲಾರ್ ಜಂಗರು 1865ರಲ್ಲಿ ಜಿಲ್ಲಾಬಂದಿ ಎಂಬ ಜಿಲ್ಲಾವಿಂಗಡಣೆಯನ್ನು ತಂದ ಮೇಲೆ, ನೆಲದ ಲೆಕ್ಕ ಬಿಗಿಯಾಯಿತು. ಮಳೆಯಾಶ್ರಿತ ಭೂಮಿ ‘ಖುಷ್ಕಿ’, ನೀರಾವರಿಯ ಗದ್ದೆ ‘ತರಿ’, ಬಾವಿಯ ನೀರಿನ ತೋಟ ‘ಬಾಗಾಯತ’ ಎಂದು ಕಂದಾಯದ ಭಾಷೆ ಭೂಮಿಯನ್ನು ಮೂರಾಗಿ ಹಂಚಿತು. ಪಹಣಿಯೆಂಬ ಪತ್ರಿಕೆಯಲ್ಲಿ ಹೊಲದ ಬೆಳೆಯನ್ನು ನಮೂದಿಸುವ ರೂಢಿ ಬಂದಿತು. ಪಹಣಿಯ ಬೆಳೆಯ ಕಲಮಿನಲ್ಲಿ ಜೋಳ, ತೊಗರಿ, ಹತ್ತಿ, ಕುಸುಬಿಗಳು ಕಾಣುತ್ತವೆ, ಜೋಳದ ಸಾಲಿನ ನಡುವೆ ಬೆಳೆದ ಹಕ್ಕರಕಿ ಕಾಣುವುದಿಲ್ಲ. ಎಲೆ ಬೆಳೆದ ಜಾಗಗಳೇ ಅಂಥವು: ಬಚ್ಚಲ ನೀರು ಹರಿದುಹೋಗುವ ಹಿತ್ತಲು, ಬಾವಿಯ ಕಾಲುವೆಯ ಏರಿ, ಹೊಲದ ಬದು, ಮುಖ್ಯಬೆಳೆಯ ಸಾಲುಗಳ ಸಂದು. ಜಾಗೀರದಾರನ ಪಾಲಿಗೂ ಸಾಹುಕಾರನ ಸಾಲದ ಪುಸ್ತಕಕ್ಕೂ ಎಟುಕದ ಈ ಬೆಳೆ ಹೆಣ್ಣುಮಕ್ಕಳ ಸ್ವಂತ ಆಸ್ತಿಯಾಗಿ ಉಳಿಯಿತು. ಅವರು ಅದನ್ನು ಕೊಯ್ದರು, ನೆರೆಯವರಿಗೆ ಹಂಚಿದರು, ಮಿಕ್ಕದ್ದನ್ನು ಬುಟ್ಟಿಯಲ್ಲಿ ಹೊತ್ತು ಸಂತೆಗೆ ಒಯ್ದು ಉಪ್ಪು–ಎಣ್ಣೆಗೆ ಕಾಸು ಮಾಡಿಕೊಂಡರು.

ಹೊಲದಲ್ಲಿ ಎಲೆಯನ್ನು ಬಿತ್ತುವ ಮುಖ್ಯ ವಿಧಾನ ಅಕ್ಕಡಿ. ಕೂರಿಗೆಯಿಂದ ಮುಖ್ಯಬೆಳೆಯನ್ನು ಬಿತ್ತುತ್ತ ಹೋಗುವಾಗ, ಅದರ ಹಿಂದೆ ಹಗ್ಗದಲ್ಲಿ ಕಟ್ಟಿದ ಬಿಡಿ ಕೊಳವೆಯೊಂದರ ಮೂಲಕ ನಿರ್ದಿಷ್ಟ ಸಾಲುಗಳಿಗೆ ಬೇರೆ ಬೀಜಗಳ ಬೆರಕೆಯನ್ನು ಬಿಡುವುದಕ್ಕೆ ಅಕ್ಕಡಿ ಎನ್ನುತ್ತಾರೆ. ಕೂರಿಗೆ ಹೊಡೆಯುವವನು ಗಂಡಸಾದರೂ ಅಕ್ಕಡಿಯ ಕೊಳವೆ ಹಿಡಿದು ಬೀಜ ಬಿಡುವವಳು ಸಾಮಾನ್ಯವಾಗಿ ಹೆಂಗಸು, ಮತ್ತು ಅವಳ ಉಡಿಯಲ್ಲಿ ಏನು ಬೆರಕೆಯಿದೆ ಎಂಬುದು ಅವಳ ತೀರ್ಮಾನ. ಮುಂಗಾರಿನಲ್ಲಿ ಪುಂಡಿ ಮತ್ತು ಅಲಸಂದಿ. ಹಿಂಗಾರಿನಲ್ಲಿ ಕುಸುಬಿ, ಕೊತ್ತಂಬರಿ, ಅಗಸೆ, ಕಡಲೆ. ಪುಂಡಿಯಿಂದ ಹುಳಿಯೆಲೆ ಸಿಗುವುದಲ್ಲದೆ, ಗಿಡ ಬಲಿತ ಮೇಲೆ ಅದನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಅಕ್ಕಡಿಯ ಕೊಳವೆ ಕಟ್ಟುವ ಹಗ್ಗವೂ ಪುಂಡಿಯದೇ ಇರಬಹುದಿತ್ತು. ಹೊಲದ ಅಂಚಿಗೆ ಒತ್ತಾಗಿ ಬಿತ್ತಿದ ಕುಸುಬಿ ಬಲಿತಾಗ ಮುಳ್ಳಿನ ಬೇಲಿಯಾಗಿ ಜೋಳವನ್ನು ದನಗಳಿಂದ ಕಾಯುತ್ತಿತ್ತು, ಎಳೆಯದಾಗಿದ್ದಾಗ ಊಟಕ್ಕೆ ಎಲೆಯಾಗುತ್ತಿತ್ತು.

ಕಡಲೆಯ ವಿಷಯ ಹೆಚ್ಚು ಸ್ವಾರಸ್ಯದ್ದು. ಬಿತ್ತಿದ ಒಂದು ತಿಂಗಳ ಸುಮಾರಿಗೆ ಗೇಣುದ್ದವಾದ ಕಡಲೆಯ ಕುಡಿಗಳನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ಉಗುರಿನಿಂದ ಚಿವುಟುತ್ತಾರೆ. ಎಲೆಯ ಮೇಲಿನ ಸಣ್ಣ ರೋಮಗಳಿಂದ ಒಸರುವ ಹುಳಿ ಬೆರಳಿಗೆ ಅಂಟುತ್ತದೆ, ಉಗುರಿನ ಸಂದು ಚುರುಗುಟ್ಟುತ್ತದೆ, ಬೆಳಗಿನ ಇಬ್ಬನಿಯಲ್ಲಿ ಹೊಲದೊಳಗೆ ನಡೆದರೆ ಸೀರೆಯ ಅಂಚು ಹುಳಿಯಾಗುತ್ತದೆ. ಆ ಹುಳಿಯನ್ನೇ ಸಂಗ್ರಹಿಸಲು ರಾತ್ರಿ ಗಿಡಗಳ ಮೇಲೆ ತೆಳುವಾದ ಬಟ್ಟೆಯನ್ನು ಹಾಸಿ, ಬೆಳಗಿನ ಜಾವ ಇಬ್ಬನಿಯೊಂದಿಗೆ ಅದನ್ನು ಹಿಂಡಿ ಹೊಟ್ಟೆನೋವಿಗೆ ಮದ್ದಾಗಿ ಇಟ್ಟುಕೊಳ್ಳುವ ಕ್ರಮವೂ ದಖನ್ ಪ್ರಸ್ಥಭೂಮಿಯಲ್ಲಿತ್ತು. ಚಿವುಟಿದ ಕುಡಿ ಊಟಕ್ಕೆ ಬಂದರೆ, ಚಿವುಟಿಸಿಕೊಂಡ ಗಿಡ ಪಕ್ಕದ ಟೊಂಗೆಗಳನ್ನು ಒಡೆದು ಹೆಚ್ಚು ಕಾಯಿ ಕೊಡುತ್ತದೆ. ಇದೇ ತತ್ವವನ್ನು ಕೃಷಿವಿಜ್ಞಾನಿಗಳು ಕಡಲೆಗೂ ತೊಗರಿಗೂ ಇಳುವರಿ ಹೆಚ್ಚಿಸುವ ಉಪಾಯವೆಂದು ಈಗ ಶಿಫಾರಸು ಮಾಡುತ್ತಾರೆ, ಕುಡಿ ಕತ್ತರಿಸುವ ಯಂತ್ರಗಳೂ ತೊಗರಿ ಹೊಲಕ್ಕೆ ಬಂದಿವೆ. ಯಂತ್ರ ಮಾಡುವ ಕೆಲಸವನ್ನು ಮಧ್ಯಾಹ್ನದ ಬುತ್ತಿಗೆ ತಪ್ಪಲು ಕೀಳುತ್ತಲೇ ಮಾಡಿ ಮುಗಿಸಿದ ಹೆಂಗಸರ ಕೈಚಳಕಕ್ಕೆ ಕೃಷಿಯ ಇತಿಹಾಸದಲ್ಲಿ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಹಿತ್ತಲಿನ ಮಡಿಯ ಕ್ರಮ ಬೇರೆ. ಶಹಾಬಾದ ಕಲ್ಲು ಎಂದು ದೇಶವೆಲ್ಲ ಹೆಸರಾದ ಸುಣ್ಣಕಲ್ಲಿನ ಹಾಸುಬಂಡೆ ಈ ಸೀಮೆಯಲ್ಲಿ ಗೋಡೆಯಾಗಿ, ಚಾವಣಿಯಾಗಿ, ಬೇಲಿಯಾಗಿ ಬಳಕೆಯಾದಂತೆ, ಬಚ್ಚಲಿನ ಹಾಸಾಗಿಯೂ ಮಡಿಯ ಅಂಚಾಗಿಯೂ ಬಳಕೆಯಾಯಿತು. ಬಚ್ಚಲ ಕಲ್ಲಿನಿಂದ ಹರಿದ ನೀರು ಸಣ್ಣ ಕಾಲುವೆಯ ಮೂಲಕ ಮಡಿಗೆ ಸೇರುತ್ತದೆ. ಮಣ್ಣನ್ನು ಕುರ್ಪಿಯಿಂದ ಸಡಿಲಿಸಿ, ಹಳೆಯ ತಿಪ್ಪೆಗೊಬ್ಬರ ಮತ್ತು ಒಲೆಯ ಬೂದಿ ಬೆರೆಸಿ, ಒಂದು ಹಿಡಿ ಮೆಂತೆಯನ್ನು ಒತ್ತಾಗಿ ಚೆಲ್ಲಿ ಕೈಯಿಂದ ಸವರಿದರೆ ಮೂರು–ನಾಲ್ಕು ದಿನದಲ್ಲಿ ಮೊಳಕೆ ಮಣ್ಣನ್ನು ಎತ್ತಿಕೊಂಡು ಮೇಲೆ ಬರುತ್ತದೆ. ಮೂರು–ನಾಲ್ಕು ವಾರದಲ್ಲಿ ಕೀಳಬಹುದು. ಕೊತ್ತಂಬರಿಯನ್ನು ಹಾಗೆಯೇ ಬಿತ್ತುವುದಿಲ್ಲ: ಒಂದು ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಅದನ್ನು ಕಲ್ಲಿನ ಮೇಲೆ ಹಗುರವಾಗಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತುತ್ತಾರೆ. ರಾಜಗಿರಿಯ ಬೀಜ ಸಾಸಿವೆಗಿಂತಲೂ ಸಣ್ಣದು, ಅದನ್ನು ಸಣ್ಣ ಉಸುಕಿನೊಂದಿಗೆ ಬೆರೆಸಿದರೆ ಮಾತ್ರ ಮಡಿಯ ತುಂಬ ಸಮನಾಗಿ ಬೀಳುತ್ತದೆ. ಮೊಳೆತ ಉಳ್ಳಾಗಡ್ಡಿಗಳನ್ನು ಎಸೆಯದೆ ಮಡಿಯ ಅಂಚಿಗೆ ಊರಿದರೆ ತಪ್ಪಲು ಬರುತ್ತದೆ, ಸಬ್ಬಸಗಿಯ ನಾಲ್ಕು ಗಿಡ ಮೂಲೆಯಲ್ಲಿ ತಮ್ಮಷ್ಟಕ್ಕೆ ಎದ್ದು ಘಮಘಮಿಸುತ್ತವೆ. ಇಡೀ ಮಡಿಯನ್ನು ಒಂದೇ ದಿನ ಬಿತ್ತದೆ ಎಂಟು–ಹತ್ತು ದಿನಗಳ ಅಂತರದಲ್ಲಿ ತುಂಡುತುಂಡಾಗಿ ಬಿತ್ತುವುದರಿಂದ ಚಳಿಗಾಲವಿಡೀ ಎಳೆಯ ಎಲೆ ತಪ್ಪುವುದಿಲ್ಲ.

ಈ ಎಲ್ಲ ಎಲೆಗಳ ನಡುವೆ ಹಕ್ಕರಕಿಗೆ ಪ್ರತ್ಯೇಕ ಸ್ಥಾನ ಕೊಡಬೇಕು. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಹಳದಿ ಹೂವಿನ, ಮುರಿದರೆ ಹಾಲೊಸರುವ ಈ ಗಿಡವನ್ನು ಸಸ್ಯಶಾಸ್ತ್ರಜ್ಞರು ಹಿಂದೆ ಲೆಟ್ಯೂಸಿನ ಕುಲದಲ್ಲೇ ಇಟ್ಟಿದ್ದರು. ಈಗ ಅದನ್ನು ಲೌನಿಯಾ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದ್ದಾರೆ. ಹೀಗಾಗಿ ಯುರೋಪಿನ ಸಲಾಡಿನ ಮೂಲಾಧಾರವಾದ ಲೆಟ್ಯೂಸಿಗೂ ಕಲಬುರಗಿ, ವಿಜಯಪುರ, ಧಾರವಾಡ ಸೀಮೆಗಳ ಹಕ್ಕರಕಿಗೂ ಹತ್ತಿರದ ನೆಂಟಸ್ತನವಿದೆ, ಕುಸುಬಿಯೂ ಅದೇ ದೊಡ್ಡ ಕುಟುಂಬದ್ದು. ಲೆಟ್ಯೂಸ್ ಈ ನಾಡಿಗೆ ಬ್ರಿಟಿಷರ ದಂಡುಪ್ರದೇಶಗಳ ಕೈತೋಟಗಳ ಮೂಲಕ ಬಂದು ಬೆಂಗಳೂರಿನಂಥ ತಂಪು ಊರುಗಳಲ್ಲಿ ನೆಲೆನಿಂತಿತು. ಬಿಸಿಲು ಏರಿದೊಡನೆ ಅದು ಹೂದಂಟನ್ನು ಚಾಚಿ, ಎಲೆ ಕಹಿಯಾಗಿ, ತಿನ್ನಲು ಬಾರದಂತಾಗುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಯಲ್ಲಿ ಅದಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿಯಷ್ಟೇ ಉಂಟು. ಹಕ್ಕರಕಿಗೆ ಈ ನೆಲವೇ ತವರು. ಅದರ ಉದ್ದನೆಯ, ಅಂಚು ಹರಿದಂತಿರುವ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರಾಕಾರವಾಗಿ ಹರಡುತ್ತವೆ, ಬಾಯಿಗೆ ಮೊದಲು ನೀರು ನೀರಾಗಿ, ಆಮೇಲೆ ಸಣ್ಣ ಕಹಿಯಾಗಿ ರುಚಿ ಬಿಡುತ್ತವೆ. ಬಿತ್ತದೆಯೂ ಎರೆಹೊಲದಲ್ಲಿ ಏಳುವ, ಬಿತ್ತಿದರೆ ಮೆಂತೆಯ ಮಡಿಯಲ್ಲೂ ಹೊಂದಿಕೊಳ್ಳುವ ಈ ಗಿಡ ಕಳೆ ಮತ್ತು ಬೆಳೆಗಳ ನಡುವಿನ ಗೆರೆಯ ಮೇಲೆ ನಿಂತಿದೆ, ಮತ್ತು ಆ ಕಾರಣಕ್ಕೇ ಅದರ ಕಷ್ಟಗಳೂ ಆರಂಭವಾದವು.

ಚಳಿಗಾಲದ ಈ ಸಮೃದ್ಧಿ ಹಬ್ಬದ ರೂಪ ತಾಳುವುದು ಎಳ್ಳ ಅಮಾವಾಸ್ಯೆಯಂದು. ಮಾರ್ಗಶಿರ ಮಾಸದ ಕೊನೆಗೆ, ಡಿಸೆಂಬರಿನ ಕೊನೆ ಅಥವಾ ಜನವರಿಯಲ್ಲಿ ಬರುವ ಈ ದಿನ ಬೀದರ–ಕಲಬುರಗಿ ಸೀಮೆಯ ಊರುಗಳು ಬರಿದಾಗಿ, ಹೊಲಗಳು ತುಂಬಿಕೊಳ್ಳುತ್ತವೆ. ಎತ್ತಿನ ಗಾಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರುಗಳಲ್ಲಿ, ಬುತ್ತಿಯೊಂದಿಗೆ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬೆಳೆಯ ತುಂಬ ಅನ್ನವನ್ನು ಎರಚುವ ‘ಚರಗ ಚೆಲ್ಲುವ’ ಆಚರಣೆ ಮುಗಿದ ಮೇಲೆ ಎಲ್ಲರೂ ಕೂಡಿ ಉಣ್ಣುತ್ತಾರೆ. ಹೊಲವಿಲ್ಲದವರು ಹೊಲವಿದ್ದ ಗೆಳೆಯರ ಬಳಿ ಹೋಗುತ್ತಾರೆ, ಜಾತಿಮತಗಳ ಗೆರೆ ಅಂದು ಬಹಳಷ್ಟು ಸಡಿಲವಾಗುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಅಂಬಲಿ, ಹೋಳಿಗೆಗಳ ನಡುವೆ ಆ ದಿನದ ಪ್ರಧಾನ ಅಡುಗೆ ‘ಭಜ್ಜಿ’. ದಕ್ಷಿಣ ಕರ್ನಾಟಕದವರು ಎಣ್ಣೆಯಲ್ಲಿ ಕರಿದದ್ದನ್ನು ಬಜ್ಜಿ ಎಂದರೆ, ಇಲ್ಲಿಯ ಭಜ್ಜಿ ಹಸಿ ತೊಗರಿಕಾಳು, ಅವರೆ, ಬಟಾಣಿ, ಕಡಲೆಗಳೊಂದಿಗೆ ಮೆಂತೆ, ಉಳ್ಳಾಗಡ್ಡಿ ತಪ್ಪಲು ಮತ್ತು ಆ ಹೊತ್ತಿಗೆ ಕೈಗೆ ಸಿಕ್ಕ ಸೊಪ್ಪುಗಳನ್ನೆಲ್ಲ ಹುಣಸೆಹುಳಿಯಲ್ಲಿ ಬೇಯಿಸಿ ಕಡಲೆಹಿಟ್ಟಿನಿಂದ ಗಟ್ಟಿಮಾಡಿದ ಬೆರಕೆಯ ವ್ಯಂಜನ. ಮರಾಠಿ–ದಖನಿಯ ಭಾಜಿ ಎಂಬ ಮಾತೇ ಅದರ ಹೆಸರಿನಲ್ಲಿ ಕೂತಿದೆ. ಋಣ ಎರಡೂ ಕಡೆಗೆ ಹರಿದಿದೆ: ಹಿಂದೆ ನಿಜಾಮರ ಆಳ್ವಿಕೆಯಲ್ಲೇ ಇದ್ದ ಮಹಾರಾಷ್ಟ್ರದ ಲಾತೂರ ಮತ್ತು ಧಾರಾಶಿವ ಜಿಲ್ಲೆಗಳಲ್ಲಿ ಇದೇ ಅಮಾವಾಸ್ಯೆ, ಇದೇ ಭಜ್ಜಿ, ಇದೇ ಅಂಬಲಿ ನಡೆಯುತ್ತವೆ, ಅಲ್ಲಿಯ ಮರಾಠಿ ರೈತರು ಹಬ್ಬವನ್ನು ‘ಯೆಳವಸ’ ಎನ್ನುವಾಗ ಕನ್ನಡದ ಎಳ್ಳ ಅಮಾವಾಸ್ಯೆಯೇ ಅವರ ನಾಲಗೆಯ ಮೇಲೆ ಹೊರಳುತ್ತದೆ. 1956ರ ರಾಜ್ಯ ಪುನರ್ವಿಂಗಡಣೆ ಆಡಳಿತವನ್ನು ಹಂಚಿತಾದರೂ ಭಜ್ಜಿಯ ಸೀಮೆ ಒಂದಾಗಿಯೇ ಉಳಿದಿದೆ.

ಈ ಸೀಮೆಯ ಸಂತೆಯ ಸ್ವರೂಪವನ್ನು ಬದಲಿಸಿದ್ದು ರೈಲು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಹಾದಿ ಶಹಾಬಾದ, ವಾಡಿಗಳ ಮೂಲಕ 1871ರಲ್ಲಿ ರಾಯಚೂರು ತಲುಪಿ ಮದರಾಸಿನ ಹಾದಿಯನ್ನು ಕೂಡಿಕೊಂಡಿತು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹೈದರಾಬಾದಿಗೆ ಹೋಗುವ ನಿಜಾಮರ ಹಾದಿ 1874ರಲ್ಲಿ ತೆರೆಯಿತು. ಕಲ್ಲುಗಣಿಗಳ ಬೆನ್ನಿಗೆ ಸಿಮೆಂಟು ಬಂದಿತು. ಶಹಾಬಾದಿನ ಕಾರ್ಖಾನೆ 1936ರಲ್ಲಿ ರೂಪುಗೊಂಡ ಎಸಿಸಿ ಸಿಮೆಂಟು ಕಂಪನಿಯ ಭಾಗವಾಯಿತು, 1968ರಲ್ಲಿ ವಾಡಿಯಲ್ಲಿ ಮತ್ತೊಂದು ಕಾರ್ಖಾನೆ ಎದ್ದಿತು, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡಗಳಿಗೂ ಸಿಮೆಂಟು ಬಂದಿತು. ಪಗಾರದ ಮೇಲೆ ಬದುಕುವ, ಹಿತ್ತಲಿಲ್ಲದ ಸಾವಿರಾರು ಕುಟುಂಬಗಳಿಗೆ ಎಲೆ ಕೊಳ್ಳುವ ಸರಕಾಯಿತು, ಸುತ್ತಲಿನ ಬಾವಿಯುಳ್ಳ ತೋಟಗಳವರು ಮೆಂತೆ, ಕೊತ್ತಂಬರಿ, ಪಾಲಕಗಳನ್ನು ಮಾರಾಟಕ್ಕೆಂದೇ ಬೆಳೆಯತೊಡಗಿದರು. ಪೇಟೆಯ ಬೇಡಿಕೆ ಕಟ್ಟಿಗೆ ಒಗ್ಗುವ, ಬುಟ್ಟಿಯಲ್ಲಿ ಬೇಗ ಬಾಡದ ಎಲೆಗಳನ್ನು ಆರಿಸಿಕೊಂಡಿತು. ಹಕ್ಕರಕಿ, ಕಡ್ಲಿಕುಡಿಗಳಂಥವು ಸಂತೆಯ ಅಂಚಿಗೆ, ಗೋಣಿಯ ತುಂಡಿನ ಮೇಲೆ ಕೂತ ಮುದುಕಿಯರ ಬುಟ್ಟಿಗೆ ಸರಿದವು.

ಹೊಲದಲ್ಲಾದ ಬದಲಾವಣೆ ಇದಕ್ಕಿಂತ ತೀವ್ರವಾದದ್ದು. ತೊಗರಿಯ ಕಣಜವೆಂದು ಕರೆಸಿಕೊಳ್ಳುವ ಕಲಬುರಗಿ ಜಿಲ್ಲೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ 5 ಲಕ್ಷ ಹೆಕ್ಟೇರಿಗೂ ಮೀರಿ ತೊಗರಿ ಬಿತ್ತನೆಯಾಗುತ್ತದೆ, 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆ ಕೀರ್ತಿ ರೈತರ ದುಡಿಮೆಯ ಫಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂಗಾರಿ ಜೋಳ ಮತ್ತು ಕುಸುಬಿಯ ಹೊಲಗಳು ಕುಗ್ಗಿದಷ್ಟೂ ಅವುಗಳ ಸಂದಿನಲ್ಲಿ ಬದುಕಿದ್ದ ಎಲೆಗಳೂ ಕುಗ್ಗಿದವು. ಹುಲ್ಲಿನ ಜಾತಿಯ ಜೋಳವನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಮಾತ್ರ ಸಾಯಿಸುವ ಕಳೆನಾಶಕಕ್ಕೆ ಹಕ್ಕರಕಿ ಮತ್ತು ನೆಗ್ಗಿಲುಮುಳ್ಳಿನ ಭೇದ ತಿಳಿಯದು. ಕೂಲಿಯ ಅಭಾವದಿಂದ ರೈತರು ಅದನ್ನು ಬಳಸುವುದು ಅರ್ಥವಾಗುವಂಥದ್ದೇ. ಬಾರಿ ಬಾರಿಗೂ ಸಿಂಪಡಿಸಿದ ಹೊಲದಲ್ಲಿ ಬೀಜ ಕಟ್ಟಲು ಗಿಡವೇ ಉಳಿಯದಿದ್ದರೆ ಮರುವರ್ಷ ಏಳುವುದು ಎಲ್ಲಿಂದ? ಚಿಂಚೋಳಿಯಿಂದ ಗಡಿ ದಾಟಿದರೆ ಸಿಗುವ ಜಹೀರಾಬಾದಿನಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಬೆರಕೆ ಬೇಸಾಯವನ್ನೂ ಹಳ್ಳಿಯ ಬೀಜಭಂಡಾರಗಳನ್ನೂ ಮತ್ತೆ ಕಟ್ಟಿಕೊಂಡದ್ದಲ್ಲದೆ, ಬಿತ್ತದೆ ಬೆಳೆಯುವ ಹತ್ತಾರು ಸೊಪ್ಪುಗಳನ್ನು ಆಹಾರವೆಂದು ದಾಖಲಿಸಿದರು, ಆ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ಮಣ್ಣು ಅದೇ, ಗಿಡ ಅದೇ, ಊಟವೂ ಬಹುಮಟ್ಟಿಗೆ ಅದೇ. ಸುಲೇಪೇಟ, ಸೇಡಂಗಳ ಕಡೆಗೂ ಅಂಥದೊಂದು ಲೆಕ್ಕ ಆಗಬೇಕಾಗಿದೆ, ಅದು ಹಳೆಯ ಹೆಸರುಗಳನ್ನು ಬಲ್ಲ ಮುದುಕಿಯರು ಇರುವಾಗಲೇ ಆಗಬೇಕಾಗಿದೆ.

ಅಂಗಡಿಯ ಪೊಟ್ಟಣಗಳಲ್ಲಿ ಮೆಂತೆ, ಪಾಲಕ, ಕೊತ್ತಂಬರಿ, ಲೆಟ್ಯೂಸುಗಳ ಬೀಜ ಸಿಗುತ್ತದೆ, ಹಕ್ಕರಕಿಯ ಬೀಜ ಸಿಗುವುದು ಅಪರೂಪ. ಅದನ್ನು ಮನೆಯಲ್ಲಿ ಉಳಿಸಿಕೊಳ್ಳುವ ಕ್ರಮ ಹೀಗಿದೆ. ಮಡಿಯ ಒಂದು ಮೂಲೆಯ ಐದಾರು ಗಿಡಗಳನ್ನು ಕೀಳದೆ ಬಿಟ್ಟರೆ ಚಳಿ ಮುಗಿಯುವ ಹೊತ್ತಿಗೆ ದಂಟು ಎದ್ದು, ಹಳದಿ ಹೂ ಅರಳಿ, ಬೀಜದ ತಲೆಗೆ ಬಿಳಿಯ ನಯವಾದ ಕುಚ್ಚು ಮೂಡುತ್ತದೆ. ಮಧ್ಯಾಹ್ನದ ಗಾಳಿ ಎದ್ದರೆ ಬೀಜ ಹಾರಿಹೋಗುವುದರಿಂದ, ಇಬ್ಬನಿ ಆರುವ ಮುನ್ನ, ಗಾಳಿ ಬೀಸದ ಬೆಳಗಿನಲ್ಲಿ, ಹೂಗಳನ್ನು ಒಂದೊಂದಾಗಿ ಸೆರಗಿನೊಳಗೆ ಬಿಡಿಸಿಕೊಳ್ಳಬೇಕು. ನೆರಳಿನಲ್ಲಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಕುಚ್ಚನ್ನು ಬಿಡಿಸಿ, ಬೂದಿಯೊಂದಿಗೆ ಕಲಸಿ, ಸಣ್ಣ ಗಡಿಗೆಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಸೆಗಣಿ ಮೆತ್ತಿ, ಒಲೆಯ ಹೊಗೆ ತಾಗುವ ಮಾಡದಲ್ಲಿ ಇಟ್ಟರೆ ಮುಂದಿನ ಹಿಂಗಾರಿನವರೆಗೆ ಅದಕ್ಕೆ ಹುಳು ತಾಗುವುದಿಲ್ಲ. ಬಿತ್ತುವಾಗ ಬೂದಿಯನ್ನು ಬೇರ್ಪಡಿಸಬೇಕಾಗಿಲ್ಲ. ಅದು ಬೀಜದೊಂದಿಗೇ ಮಡಿಗೆ ಬಿದ್ದು, ಕಪ್ಪು ಮಣ್ಣಿನ ಮೇಲೆ ಎಲ್ಲಿ ಬಿತ್ತಿದೆ, ಎಲ್ಲಿ ಇನ್ನೂ ಬಿತ್ತಬೇಕು ಎಂಬುದನ್ನು ಬಿಳಿಯಾಗಿ ತೋರಿಸುತ್ತದೆ.